ಚಿನ್ನಪ್ಪನ ಎರಡನೇ ದಾರಿ

ಕಾಡಂಚಿನ ಸಾನಮಾವು ಹಳ್ಳಿಯ ಚಿನ್ನಪ್ಪ ಹೊಸೂರಿನ ಕಾರ್ಖಾನೆಯೊಂದರಲ್ಲಿ ನೆಟ್‌ವರ್ಕ್ ನೋಡಿಕೊಳ್ಳುವವನು. ಯಾವ ರೌಟರ್ ಮುಟ್ಟಿದರೂ ಇಂಟರ್ನೆಟ್ಟಿಗೆ ಎರಡು ದಾರಿ ಹಾಕದೆ ಏಳುವವನಲ್ಲ. "ಒಂದು ಲೈನ್ ಸಾಕಲ್ಲಪ್ಪಾ" ಎಂದು ಮ್ಯಾನೇಜರ್ ಗೊಣಗಿದರೆ, "ಅದು ಬಿದ್ದೋದ್ರೆ ಏನ್ಮಾಡ್ತೀರಾ ಸಾರ್?" ಎಂದು ಬಾಯಿ ಮುಚ್ಚಿಸುತ್ತಾನೆ. ಜೇಬಿನಲ್ಲಿ ಬೈಕಿನ ಎರಡೂ ಬೀಗದ ಕೈ. ಮದುವೆ ಊಟಕ್ಕೆ ಕೂತರೂ ಹಿಂಬಾಗಿಲು ಕಾಣುವ ಜಾಗವೇ ಆಗಬೇಕು. ಚಹಾ ಕುಡಿಯಲು ಹೋದ ದಾರಿಯಲ್ಲಿ ಎಂದೂ ವಾಪಸು ಬಂದವನಲ್ಲ. "ಇನ್ನೊಬ್ಳು ಹೆಂಡ್ತೀನ ಎಲ್ಲಿಟ್ಟವ್ರೋ, ವಸಿ ಕೇಳಕ್ಕಾ" ಎಂದು ಹೆಂಡತಿ ಸುಧಾ ಪಕ್ಕದ ಮನೆಯವಳಿಗೆ ಹೇಳಿ ನಗುತ್ತಾಳೆ, ಚಿನ್ನಪ್ಪನೂ ನಗುತ್ತಾನೆ. ಮೊನ್ನೆ ಒಂದು ಲೈನ್ ಕಡಿದುಹೋಗಿ, ಎರಡನೆಯದು ತಾನೇ ಎದ್ದು ಕೆಲಸ ನಡೆಸಿದಾಗ ಮ್ಯಾನೇಜರ್ ಬೆನ್ನು ತಟ್ಟಿ, "ಯಾವ ಕಾಲೇಜಲ್ಲಿ ಕಲ್ತೆಯಪ್ಪಾ ಇದನ್ನ?" ಎಂದರು. ಆಗ ಮಾತ್ರ ಅವನು ನಗಲಿಲ್ಲ. "ನಮ್ಮಪ್ಪಂಗೆ ಹೊಲದಿಂದ ಮನೆಗೆ ಒಂದೇ ದಾರಿ ಇತ್ತು ಸಾರ್. ಅದ್ರಲ್ಲಿ ಆನೆ ನಿಂತಿತ್ತು."