ರಾಣಿಗೆ ಸಿಕ್ಕ ರಜೆ

ಕಾಫಿ ಉಪ್ಪಾಗಿತ್ತು.

"ಅಮ್ಮಾ, ಸಕ್ಕರೆ ಅಂತ ಉಪ್ಪು ಹಾಕ್ಬಿಟ್ಯಾ?"

"ಡಿಗ್ರಿ ಓದಿದ್ಮೇಲೆ ನಾಲಿಗೇನೂ ಕೆಟ್ಟೋಯ್ತೇನೇ ನಿಂಗೆ?" ಅಮ್ಮ ಒಲೆ ಮುಂದಿನಿಂದಲೇ ರೇಗಿದಳು.

ಯುಗಾದಿಗೆಂದು ಜಡಿಗೇನಹಳ್ಳಿ ಹತ್ತಿರದ ನಮ್ಮೂರಿಗೆ ಹೋದಾಗಿನ ಮಾತಿದು. ಕಾಯಿಸಿಟ್ಟ ಬರೀ ಹಾಲನ್ನು ಬಾಯಿಗೆ ಹಾಕಿಕೊಂಡು ನೋಡಿದೆ. ಉಪ್ಪು ಹಾಲಿನಲ್ಲೇ ಇತ್ತು!

ನಮ್ಮ ರಾಣಿಗೆ (ಮನೆಗಿರುವುದು ಅದೊಂದೇ ಹಸು) ಗಬ್ಬದ ಏಳು ತಿಂಗಳು ತುಂಬಿತ್ತು. ಅಮ್ಮ ಇನ್ನೂ ಎರಡು ಹೊತ್ತೂ ಹಾಲು ಕರೆಯುತ್ತಿದ್ದಳು.

"ಹಾಲು ಕಮ್ಮಿ ಆಗೈತೆ, ನಿಜ. ಡೈರೀಲಿ ಫ್ಯಾಟ್ ನೋಡೇ ಕಾಸು ಕೊಡೋದು, ಅದು ಹೆಂಗ್ ಬರ್ತೈತೆ ಗೊತ್ತಾ?" ಹೆಮ್ಮೆ ಬೇರೆ.

ನಮ್ಮ ಮನೆಯಲ್ಲಿ ಮೊದಲು ಕಾಲೇಜು ಮೆಟ್ಟಿಲು ಹತ್ತಿದವಳು ನಾನು. ಹತ್ತಿಸಿದ್ದು ಅಮ್ಮನ ಹಾಲಿನ ಕ್ಯಾನು. ಅದನ್ನು ಕೆಳಗಿಡು ಅಂತ ಯಾವ ಬಾಯಲ್ಲಿ ಹೇಳಲಿ?

ದನದ ಡಾಕ್ಟರನ್ನು ಕರೆಸಿದೆ.

"ಫ್ಯಾಟ್ ನೋಡಿ ಮೋಸ ಹೋಗ್ಬೇಡಿ ಅಮ್ಮ. ದಿನ ತುಂಬ್ತಾ ಬಂದಂಗೆ ಹಾಲು ಇಳಿದು ಗಟ್ಟಿ ಆಗುತ್ತೆ, ಸಿಹಿ ಹೋಗಿ ಉಪ್ಪಾಗುತ್ತೆ. ಕೆಚ್ಚಲಿಗೆ ಎರಡು ತಿಂಗಳು ರೆಸ್ಟ್ ಬೇಕು. ಇಲ್ಲಾಂದ್ರೆ ಗಿಣ್ಣುಹಾಲಲ್ಲಿ ಶಕ್ತಿ ಇರಲ್ಲ, ಕರು ರೋಗ ತಡ್ಕೊಳ್ಳಲ್ಲ."

ಅಮ್ಮ ಹೋದ ಸಲವೂ ಕೊನೆಯವರೆಗೆ ಕರೆದಿದ್ದಳು. ಕರು ವಾರ ದಾಟಲಿಲ್ಲ. (ದೃಷ್ಟಿ ಬಿತ್ತು ಅಂದಿದ್ದೆವು. ಎಲ್ಲದಕ್ಕೂ ಪಕ್ಕದ ಮನೆಯವರ ಕಣ್ಣೇ ಬೇಕು ನಮಗೆ!)

"ಅದಕ್ಕೇನಾ ಸಾರ್, ಆ ಕರು..."

"ಅದೊಂದೇ ಕಾರಣ ಅಂತ ಹೇಳಕ್ಕಾಗಲ್ಲ. ಈ ಸಲ ನಿಲ್ಸಿ ನೋಡಿ."

ಹಿಂಡಿ ಕಡಿಮೆಯಾಯಿತು. ಕೆಚ್ಚಲಿಗೆ ಔಷಧಿ ಬಿತ್ತು. ಕರೆಯುವುದು ನಿಂತಿತು. ಅಮ್ಮ ಮಾತ್ರ ಎಂದಿನಂತೆ ಕೋಳಿ ಕೂಗುವ ಹೊತ್ತಿಗೇ ಎದ್ದು, ಕೊಟ್ಟಿಗೆಯಲ್ಲಿ ಸುಮ್ಮನೆ ಕೂರುತ್ತಿದ್ದಳು. ಖಾಲಿ ಕೈ ಏನು ಮಾಡಬೇಕೆಂದೇ ಆಕೆಗೆ ಗೊತ್ತಿಲ್ಲ!

ಹೇಗೆ ಗೊತ್ತಿರಬೇಕು? "ನೀನು ಹುಟ್ಟಿದ ದಿನಾನೂ ನಾನೇ ಹಾಲು ಕರ್ದಿದ್ದು ಕಣೇ" ಎನ್ನುವ ಹೆಂಗಸು ಅವಳು. ನೋವು ಬರುವವರೆಗೂ ದುಡಿದೆ ಅನ್ನುವುದೇ ನಮ್ಮ ಕಡೆ ಹೆಂಗಸರಿಗೆ ಮೆಡಲ್. ಕೂತರೆ ಸೋಮಾರಿತನ ಅಂತ ಇವರಿಗೆ ಕಲಿಸಿದವರು ಯಾರು?

ಎರಡು ತಿಂಗಳಿಗೆ ರಾಣಿ ಹೆಣ್ಣು ಕರು ಹಾಕಿದಳು. ಗಿಣ್ಣಿಗೆಂದು ಪಾತ್ರೆ ಹಿಡಿದು ಬಂದ ಪಕ್ಕದ ಮನೆಯಾಕೆಗೆ ಅಮ್ಮ ಅಡ್ಡ ನಿಂತಳು. "ಮೊದ್ಲು ಕರು ಕುಡೀಲಿ. ಮಿಕ್ಕಿದ್ರೆ ನಿಂಗೆ."

ಈಗ ವಾರ ದಾಟಿದೆ. ಕರು ಹಗ್ಗ ಕಿತ್ತುಕೊಂಡು ಅಂಗಳವೆಲ್ಲ ಕುಣಿಯುತ್ತಿದೆ. ಅಮ್ಮ ಮತ್ತೆ ಕ್ಯಾನು ಹಿಡಿದು ಡೈರಿ ಕ್ಯೂನಲ್ಲಿ.

ರಾಣಿಗೆ ರಜೆ ಬರೆದುಕೊಡಲು ಡಾಕ್ಟರು ಬಂದರು. ಅಮ್ಮನಿಗೆ ಬರೆದುಕೊಡುವವರು ಯಾರು?