ಕಮತಗಿಯ ಬೇವಿನ ಗಿಡದ ಕೆಳಗೆ ನಿಂತ ವ್ಯಾನು

ಕೆಲವು ವಿವರಗಳನ್ನು ನಾನು ತಪ್ಪಾಗಿ ನೆನಪಿಟ್ಟುಕೊಂಡಿರಬಹುದು. ಅಂದಿನ ಡೈರಿಯಲ್ಲಿ ಮೋಡ ಕವಿದಿತ್ತು ಎಂದು ಬರೆದಿದ್ದೇನೆ. ನೆನಪಿನಲ್ಲಿ ಮಾತ್ರ ಸುಡುಬಿಸಿಲು. ಕೊರೊನಾ ಮುಗಿದು ಮದುವೆಗಳು ಮತ್ತೆ ಜೋರಾಗಿದ್ದ ವರ್ಷ ಎಂಬುದಂತೂ ಖಚಿತ. ಇಳಕಲ್ಲಿನ ನನ್ನ ಕಾಕಾ ತಮ್ಮ ಮನೆಯ ಮಗ್ಗದ ಸೀರೆಗಳನ್ನು ವ್ಯಾನಿನಲ್ಲಿ ಬಾಗಲಕೋಟೆಯ ಅಂಗಡಿಗಳಿಗೆ ಒಯ್ಯುತ್ತಿದ್ದರು. ಅಲ್ಲಿಯೇ ವಿದ್ಯಾಗಿರಿಯ ಕಾಲೇಜಿನಲ್ಲಿ ಪಾಠ ಮಾಡುವ ನಾನು ಅಂದು ಅವರ ಪಕ್ಕದಲ್ಲಿದ್ದೆ.

ಕಮತಗಿ ಹತ್ತಿರವಾಗುತ್ತಿದ್ದಂತೆ ಕಾಕಾ ಮಾತು ನಿಲ್ಲಿಸಿದರು. ವ್ಯಾನನ್ನು ಮೆಲ್ಲಗೆ ಎಡಕ್ಕೆ ಸರಿಸಿ, ಒಂದು ಬೇವಿನ ಗಿಡದ ಕೆಳಗೆ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದರು.

"ಸವಿ, ಕೆಳಗ ಇಳಿ."

"ಯಾಕ್ರಿ ಕಾಕಾ?"

"ಇಳಿ ಅಂದ್ನೆಲ್ಲಾ!"

ನಾನು ಇಳಿದು ಅವರ ಬಾಗಿಲಿಗೆ ಬರುವಷ್ಟರಲ್ಲಿ ಅವರ ಮೈ ಸೆಟೆದು ನಡುಗುತ್ತಿತ್ತು. ಬಸ್ಸಿಗಾಗಿ ಕಾಯುತ್ತಿದ್ದ ಒಬ್ಬ ಹೆಂಗಸು ಓಡಿಬಂದಳು. "ಕೈಯಾಗ ಕಬ್ಬಿಣ ಕೊಡ್ರೆವಾ!" ಎನ್ನುತ್ತ ವ್ಯಾನಿನ ಚಾವಿಯನ್ನೇ ಕಿತ್ತು ಕಾಕಾನ ಅಂಗೈಗೆ ಒತ್ತಿದಳು. ಕಬ್ಬಿಣದಿಂದ ಫಿಟ್ಸ್ ನಿಲ್ಲುವುದಿಲ್ಲವೆಂದು ನನಗೆ ಗೊತ್ತಿತ್ತು. ಆದರೂ ತಡೆಯಲಿಲ್ಲ. ಅವರನ್ನು ಮಗ್ಗುಲಿಗೆ ಹೊರಳಿಸಿದ್ದು ನಾನೋ, ಅವಳೋ, ಈಗ ಹೇಳಲಾರೆ.

ಎಚ್ಚರಾದಾಗ ಕಾಕಾ ಚಾವಿಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಕೇಳಿದ್ದು ಒಂದೇ: "ಯಾರಿಗೂ ಏನೂ ಆಗಿಲ್ಲಲ್ಲಾ?"

ನಾನು ಹಿಂತಿರುಗಿ ನೋಡಿದೆ. ಸಾಲಾಗಿ ಲಾರಿಗಳು, ಬಸ್ಸುಗಳು ಹಾದುಹೋಗುತ್ತಿದ್ದವು. ತಮ್ಮ ಮೈಯೇ ಕೈತಪ್ಪುತ್ತಿದ್ದ ಗಳಿಗೆಯಲ್ಲಿ ಈ ಮನುಷ್ಯ ಅವರೆಲ್ಲರಿಗೂ ದಾರಿ ಬಿಟ್ಟುಕೊಟ್ಟಿದ್ದರು.

"ಮೊದಲ ಎಂದಾದ್ರೂ ಹಿಂಗ ಆಗಿತ್ತೇನ್ರಿ?" ಎಂದು ಬಾಗಲಕೋಟೆಯ ಡಾಕ್ಟರು ಕೇಳಿದರು.

"ಇಲ್ರಿ," ಎಂದರು ಕಾಕಾ.

ಪರೀಕ್ಷೆಗಳೆಲ್ಲ ಮುಗಿದ ಮೇಲೆ ಡಾಕ್ಟರು ಇದು ಮೂರ್ಛೆರೋಗವೆಂದು ಹೇಳಿ ಗುಳಿಗೆ ಬರೆದುಕೊಟ್ಟರು. ಇನ್ನು ಗಾಡಿ ಓಡಿಸಬಾರದು, ಈ ಕಾಯಿಲೆ ಇರುವವರಿಗೆ ನಮ್ಮಲ್ಲಿ ಲೈಸೆನ್ಸ್ ಕೊಡುವುದಿಲ್ಲ ಎಂದೂ ತಿಳಿಸಿದರು.

ಕೆಲವು ತಿಂಗಳಲ್ಲಿ ಲೈಸೆನ್ಸಿನ ಅವಧಿ ಮುಗಿಯಿತು. ಹೊಸದು ಬೇಕಾದರೆ ಮೂರ್ಛೆ ಬರುತ್ತದೆಯೇ ಎಂಬ ಪ್ರಶ್ನೆಗೆ ಅವರೇ ಉತ್ತರಿಸಬೇಕಿತ್ತು. ಕಾಕಾನ ಹೆಂಡತಿ, ನಮ್ಮ ಕಾಕು, ಪಟ್ಟು ಹಿಡಿದರು. "ಇಲ್ಲ ಅಂತ ಬರೀರಿ, ಯಾರ ಬಂದ ನೋಡ್ತಾರ? ಗಾಡಿ ನಿಂತ್ರ ಸೀರಿ ಏನ ತಲಿ ಮ್ಯಾಲ ಹೊರ್ತೀರೇನು?"

"ಐತಿ ಅಂತನ ಹೇಳ್ತೇನಿ."

ಕಾಕು ನನ್ನ ಕಡೆ ತಿರುಗಿದರು. "ಈ ಸೀರಿ ಬಣ್ಣಾ ಹೋಗಂಗಿಲ್ಲ ಅಂತ ದಿನಾ ಸುಳ್ಳ ಹೇಳ್ತಾರ, ಇವತ್ತ ಹರಿಶ್ಚಂದ್ರ ಆಗ್ಯಾರ ನೋಡವಾ!"

ಕಾಕಾ ನಕ್ಕರು. "ಬಣ್ಣಾ ಹೋದ್ರ ಮಂದಿ ಬಂದು ಬೈತಾರ. ಇದರಾಗ ಬೈಯಾಕ ಮಂದೀನ ಉಳಿಯಂಗಿಲ್ಲ."

ಅವರು 'ಐತಿ' ಎಂದೇ ಹೇಳಿದರು. ಲೈಸೆನ್ಸ್ ಹೋಯಿತು. ವ್ಯಾನು ಕಾಕುವಿನ ತಮ್ಮನ ಪಾಲಾಯಿತು. ಈಗ ಕಾಕಾ ಸೀರೆಯ ಗಂಟಿನೊಂದಿಗೆ ಬಸ್ಸಿನಲ್ಲಿ ಓಡಾಡುತ್ತಾರೆ. ಮೈಮೇಲೆ ಕಬ್ಬಿಣ ಇರಲಿ ಎಂದು ಕಾಕು ವ್ಯಾನಿನ ಇನ್ನೊಂದು ಚಾವಿಯನ್ನು ಅವರ ಜೇಬಿನಲ್ಲಿ ಇಟ್ಟಿರುತ್ತಾರೆ.

ಕಳೆದ ತಿಂಗಳು ಅವರೊಂದಿಗೆ ಬಸ್ಸಿನಲ್ಲಿ ಬರುವಾಗ ಆ ಬೇವಿನ ಗಿಡ ಹಾದುಹೋಯಿತು. ಅದನ್ನು ಕಂಡು ನನಗೊಂದು ಹಳೆಯ ಸಂಗತಿ ನೆನಪಾಯಿತು; ಅಥವಾ ನೆನಪಾದಂತೆ ಅನಿಸಿತು. ನಾನಾಗ ಹುಡುಗಿ. ಹುಬ್ಬಳ್ಳಿಯ ಮದುವೆ ಮುಗಿಸಿ, ಅದೇ ವ್ಯಾನಿನಲ್ಲಿ ಮನೆಮಂದಿಯೆಲ್ಲ ಬಾದಾಮಿಯತ್ತ ಬರುತ್ತಿದ್ದೆವು. ಕುಳಗೇರಿ ಕ್ರಾಸಿನಲ್ಲಿ ಕಾಕಾ ಇದ್ದಕ್ಕಿದ್ದಂತೆ ಗಾಡಿ ನಿಲ್ಲಿಸಿ, "ಇಂಜಿನ್ ಕಾದೈತಿ, ಎಲ್ಲಾರೂ ಚಾ ಕುಡದ ಬರ್ರಿ," ಎಂದು ನಮ್ಮನ್ನು ಇಳಿಸಿದ್ದರು. ತಾವೊಬ್ಬರೇ ಒಳಗೆ ಉಳಿದಿದ್ದರು. ಡಾಕ್ಟರಿಗೆ ಅವರು ಹೇಳಿದ್ದ 'ಇಲ್ರಿ' ನನ್ನ ಕಿವಿಯಲ್ಲಿ ಮತ್ತೆ ಕೇಳಿಸಿತು.

"ಕಾಕಾ," ಎಂದು ಕೇಳಿದೆ, "ಅವತ್ತ ಕುಳಗೇರಿ ಕ್ರಾಸಿನ್ಯಾಗ ಖರೇನ ಇಂಜಿನ್ ಕಾದಿತ್ತೇನ್ರಿ?"

ಅವರು ಜೇಬಿನ ಮೇಲೆ ಕೈಯಿಟ್ಟುಕೊಂಡು ಕಿಟಕಿಯಾಚೆ ನೋಡುತ್ತ ಕುಳಿತರು.