ಬಾಗಿಲಲ್ಲಿ ಆಡುವ ಮಾತು

ನಮ್ಮ ಕೊಡಿಗೇನಹಳ್ಳಿಯಲ್ಲಿ ನೆಂಟರು ಬಂದರೆ ಕೂತು ಮಾತಾಡುವುದಕ್ಕಿಂತ ಎದ್ದು ಹೋಗುವುದಕ್ಕೇ ಹೆಚ್ಚು ಹೊತ್ತು ಹಿಡಿಯುತ್ತದೆ. "ಹೊರಡ್ತೀವಿ" ಎಂದು ನಡುಮನೆಯಲ್ಲಿ ಎದ್ದವರು ಹೊಸ್ತಿಲಲ್ಲಿ ನಿಲ್ಲುತ್ತಾರೆ, ಜಗಲಿಯಲ್ಲಿ ನಿಲ್ಲುತ್ತಾರೆ, ಗೇಟಿನ ಹತ್ತಿರವಂತೂ ಬೇರು ಬಿಡುತ್ತಾರೆ. ಒಳಗೆ ಬಾಯಿಗೆ ಬಾರದ ಮಂಡಿನೋವು, ಮುರಿದುಹೋದ ಸಂಬಂಧ ಎಲ್ಲ ಅಲ್ಲೇ ಹೊರಬೀಳುವುದು. ನಾನೋ ಮೊದಲೇ ಸಿಡುಕಿ. ಒಲೆಯ ಮೇಲೆ ಸಾರು ಕುದಿಯುತ್ತಿದ್ದರೆ ನನ್ನ ತಲೆಯೂ ಕುದಿಯುತ್ತದೆ. ಆದರೂ "ಮತ್ತೆ ಬನ್ನಿ" ಎನ್ನದೆ ಒಳಗೆ ಬಂದರೆ ನನ್ನತ್ತೆ ಬಿಡುವುದಿಲ್ಲ. "ಬನ್ನಿ ಅನ್ನಕ್ಕೇನೇ ನಿಂಗೆ ರೋಗ? ಬಾಯೇನ್ ಸವೆದೋಯ್ತದಾ?"

ಜರ್ಮನಿಯಿಂದ ಲೀನಾ ಬಂದಾಗ ನಾವು ಕಲಿಸಿದ ಮೊದಲ ಪಾಠವೂ ಅದೇ. ನಾನು ಮೇಡಮ್ ಆಗಿರುವ ಶಾಲೆಗೆ ಒಂದು ಸಂಸ್ಥೆಯ ಕಡೆಯಿಂದ ಸ್ವಯಂಸೇವಕಿಯಾಗಿ ಬಂದ ಹುಡುಗಿ ಅವಳು. ಊಟ, ವಾಸ ನಮ್ಮ ಮನೆಯಲ್ಲಿ. ಮುದ್ದೆಯನ್ನು ಅಗಿಯುತ್ತಾ ಕೂತವಳಿಗೆ ಅತ್ತೆ, "ಅಗೀಬ್ಯಾಡ ಕಣವ್ವ, ನುಂಗು. ಹೊಟ್ಟೆಗ್ ದಾರಿ ಅದ್ಕೇ ಗೊತ್ತೈತೆ" ಎಂದು ನುಂಗಿ ತೋರಿಸಿದರು. ಅವಳ ದೇಶದಲ್ಲಿ 'ಬೈ' ಎಂದು ಬಾಗಿಲು ಹಾಕಿಕೊಂಡರೆ ಮುಗಿಯಿತಂತೆ. ನಮ್ಮ ಪದ್ಧತಿ ಹಿಡಿದ ಮೇಲೆ ಮಾತ್ರ ಹುಡುಗಿ ನಮ್ಮನ್ನೂ ಮೀರಿಸಿದಳು. ಕರೆಂಟು ಮೀಟರು ನೋಡಲು ಬಂದವನಿಗೂ "ಮತ್ತೆ ಬನ್ನಿ" ಎನ್ನುತ್ತಿದ್ದಳು. ಅವನು ಹೇಗೂ ಬರುತ್ತಾನೆ, ಕರೆಯಬೇಡ ಕಣೇ ತಾಯಿ ಎಂದು ನಾನು ಕೈಮುಗಿಯುತ್ತಿದ್ದೆ.

ಮಳೆ ಬಂದಂತೆ ಮಾಡಿ ಹೋಗಿದ್ದ ಒಂದು ಮಧ್ಯಾಹ್ನ ಅವಳಿಗೆ ಫೋನು ಬಂತು. ಅವಳನ್ನು ಸಾಕಿದ ಅಜ್ಜಿ ಹೋಗಿಬಿಟ್ಟಿದ್ದರು. ಅವರ ಕಡೆ ಅಜ್ಜಿಗೆ ಓಮಾ ಎನ್ನುತ್ತಾರೆ. ನಮ್ಮತ್ತೆಯ ಬಾಯಲ್ಲಿ ಅದು ಎಂದೋ ಓಮಜ್ಜಿ ಆಗಿತ್ತು. ಟಿಕೆಟು ಸಿಗಲಿಲ್ಲ. "ಹಿಡಿದ ಕೆಲಸ ಮುಗಿಸಿಕೊಂಡು ಬಾ, ಅಜ್ಜಿಗೂ ಅದೇ ಇಷ್ಟ" ಎಂದು ಅವಳಪ್ಪನೂ ಹೇಳಿದನಂತೆ. ಲೀನಾ ಮಂಚದ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದಳು. ಅತ್ತೆ ಎದ್ದು ಹೋಗಿ ಒಲೆ ಆರಿಸಿದರು.

"ಸಾವು ಎಲ್ಲಾನಾ ಆಗ್ಲಿ, ಅಳೋಳು ನಮ್ಮನೇಲವ್ಳೆ. ಅಂದ್ಮೇಲೆ ಸಾವಿನ್ ಮನೆ ಇದೇಯಾ."

ಸಂಜೆಗೆ ಪಕ್ಕದ ಮನೆಯ ಸಿದ್ದಕ್ಕ ಅನ್ನ, ಸಾರು ಹೊತ್ತು ತಂದಳು. ಬೀದಿಯ ಹೆಂಗಸರು ಬಂದು ಲೀನಾಳ ಸುತ್ತ ಕೂತರು. ಹೆಸರು ಕೇಳಿಕೊಂಡು ಸಿದ್ದಕ್ಕ, "ಓಮಜ್ಜೀ, ಮೊಮ್ಮಗಳ್ನ ಪರದೇಸಿ ಮಾಡ್ಬುಟ್ ಹೋದ್ಯಲ್ಲವ್ವಾ" ಎಂದು ರಾಗ ತೆಗೆದಾಗ ನನಗೆ ಒಂದು ಗಳಿಗೆ ನಗು ಬಂತು. ಮರುಗಳಿಗೆ ಲೀನಾ ಅವಳ ಮಡಿಲಿಗೆ ಬಿದ್ದು ಅತ್ತದ್ದು ನೋಡಿ ನಾನೂ ಅತ್ತುಬಿಟ್ಟೆ.

ಕತ್ತಲಾಗುತ್ತಿದ್ದಂತೆ ಹೆಂಗಸರು ಒಬ್ಬೊಬ್ಬರಾಗಿ ಎದ್ದು, ಮಾತಿಲ್ಲದೆ, ತಿರುಗಿ ನೋಡದೆ ಹೊರಟರು. ಲೀನಾ ಗಾಬರಿಯಾಗಿ ಗೇಟಿಗೆ ಓಡಿದಳು. "ಕೂತ್ಕೊಳ್ಳಿ! ಕಾಫಿ ಕುಡೀರಿ! ಮತ್ತೆ ಬನ್ನಿ, ನಾಳೆ ಬನ್ನಿ!"

ಬೀದಿಗೆ ಬೀದಿಯೇ ನಿಂತುಬಿಟ್ಟಿತು. ಒಬ್ಬಳು ಬಾಯಿಗೆ ಸೆರಗು ಹಿಡಿದಳು. ಇನ್ನೊಬ್ಬಳು ಓಡುವವಳಂತೆ ನಡೆದಳು. ನಾನು ಲೀನಾಳನ್ನು ಒಳಗೆ ಎಳೆದುಕೊಂಡು ಬಂದು ಹೇಳಿದೆ: ಸಾವಿನ ಮನೆಯಲ್ಲಿ ಬನ್ನಿ ಅನ್ನಬಾರದು, ಹೋಗುವವರೂ ಹೇಳಿ ಹೋಗಬಾರದು.

"ಕೋಪ ಬಂದು ಹೋದರು ಅಂದುಕೊಂಡೆ" ಎಂದಳು ಲೀನಾ. "ಅಜ್ಜಿಯೂ ನನಗೆ ಹೇಳದೆ ಹೋದರು. ಇವರೂ ಹಾಗೇ ಹೋದರು."

ಬನ್ನಿ ಅನ್ನಬಾರದು ಎಂಬುದಕ್ಕೆ ಯಾವ ಶಾಸ್ತ್ರದಲ್ಲಿ ಆಧಾರವಿದೆಯೋ ನಾ ಕಾಣೆ. ಆ ಕರೆ ತನಗೇ ಅಂದುಕೊಂಡು ಸಾವು ಮತ್ತೆ ಬಂದೀತು ಎಂಬ ಭಯವಿರಬೇಕು. ಅಯ್ಯೋ, ಕರೆದ ಕಡೆಗೆ ಮಾತ್ರ ಹೋಗುವಷ್ಟು ಮರ್ಯಾದೆ ಸಾವಿಗೆ ಇದ್ದಿದ್ದರೆ ಎಷ್ಟು ಚೆನ್ನಾಗಿತ್ತು! ಇನ್ನು ಈ ಹುಡುಗಿಯ ಹತ್ತಿರ ಯಾರೂ ಸುಳಿಯುವುದಿಲ್ಲ ಎಂದುಕೊಂಡು ನಾನು ಸಂಕಟದಲ್ಲೇ ಮಲಗಿದೆ. ಬೆಳಗಾದರೆ ಬಾಗಿಲಲ್ಲಿ ಸಿದ್ದಕ್ಕ, ಕೈಯಲ್ಲಿ ಉಪ್ಪಿಟ್ಟಿನ ಪಾತ್ರೆ.

"ಕರೆದ್ಲಲ್ಲ, ಬರ್ದಂಗಿರಾಕಾಯ್ತದಾ? ಅವ್ಳು ಕರೆದಿದ್ದು ನಮ್ನ, ಯಮನ್ನಲ್ಲ ಬುಡು."

ತಿಂಗಳುಗಳು ಕಳೆದವು. ಲೀನಾ ಹೊರಡುವ ದಿನ ಬಂತು. ನಾವು ಗೇಟಿನಲ್ಲಿ ಅರ್ಧ ದಿನ ನಿಲ್ಲುವ ತಯಾರಿಯಲ್ಲಿದ್ದೆವು. ಅವಳು ಅತ್ತೆಯ ಕಾಲು ಮುಟ್ಟಿದಳು, ನನ್ನ ಕೈ ಹಿಡಿದಳು, ಚೀಲ ಎತ್ತಿಕೊಂಡಳು, ಒಂದು ಮಾತೂ ಆಡದೆ, ತಿರುಗಿಯೂ ನೋಡದೆ ನಡೆದು ಮಧುಗಿರಿ ಬಸ್ಸು ಹತ್ತಿಬಿಟ್ಟಳು. ನನಗೆ ಸಿಟ್ಟು ಬಂತು. ಇಷ್ಟು ದಿನ ಉಣ್ಣಿಸಿದ್ದಕ್ಕೆ ಹೋಗಿ ಬರ್ತೀನಿ ಅನ್ನುವಷ್ಟೂ ಋಣವಿಲ್ಲವೇ ಎಂದು ಅತ್ತೆಯ ಮುಂದೆ ಕೂಗಾಡಿದೆ.

ಅತ್ತೆ ಜಗಲಿಯ ಮೇಲೆ ಕೂತು ಕೇಳಿದರು, "ಓಮಜ್ಜಿ ತಿಥಿ ಮಾಡಿದ್ವೇನೇ ನಾವು?"

ಮಾಡಿರಲಿಲ್ಲ. ಮಾರನೆಯ ದಿನವೇ ಒಲೆ ಹಚ್ಚಿದ್ದೆವು, ಶಾಲೆಗೆ ಹೋಗಿದ್ದೆವು, ದೂರದ ಅಜ್ಜಿಯನ್ನು ಅಷ್ಟಕ್ಕೇ ಮರೆತಿದ್ದೆವು. ತಿಥಿಯ ಊಟ ಹಾಕಿದರೆ ಸಾವಿನ ಮನೆ ಮತ್ತೆ ಬರೀ ಮನೆಯಾಗುತ್ತದೆ ಎಂಬ ಪಾಠವನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ನಾವು ದಿನವೂ ಸಾರು ಕುದಿಸಿಕೊಂಡಿದ್ದ ಮನೆಯಲ್ಲಿ ಅವಳು ಅಷ್ಟು ದಿನವೂ ಸಾವಿನ ಜೊತೆ ಇದ್ದಳು. ಸಾವಿನ ಮನೆಯಿಂದ ಹೋಗುವವಳಂತೆಯೇ ಹೇಳದೆ ಹೋಗಿದ್ದಳು.

ಮುಂದಿನ ಭಾನುವಾರ ವಡೆ, ಪಾಯಸ ಮಾಡಿದೆವು. ಓಮಜ್ಜಿಯ ಫೋಟೋ ಎಲ್ಲಿಂದ ತರುವುದು? ಒಂದು ದೀಪವಿಟ್ಟು ಎಡೆ ಹಾಕಿದೆವು. ಬೀದಿಯ ಹೆಂಗಸರೆಲ್ಲ ಉಂಡು, ಗೇಟಿನ ಹತ್ತಿರ ನಿಂತು ಮಂಡಿನೋವಿನ ವಿಷಯ ಶುರುಮಾಡಿದರು. ಅತ್ತೆ ನನ್ನ ಕೈಯಿಂದ ಫೋನು ಮಾಡಿಸಿ, ಕಿವಿಗೆ ಒತ್ತಿಕೊಂಡು ಕೂಗಿದರು:

"ಲೀನವ್ವಾ, ತಿಥಿ ಆಯ್ತು ಕಣವ್ವ. ಇನ್ ಬಾ."

ಆ ಕಡೆಯಿಂದ ಬಹಳ ಹೊತ್ತು ಅಳು ಮಾತ್ರ ಕೇಳಿಸಿತು. ಅವಳು ಬರುತ್ತಾಳೋ ಇಲ್ಲವೋ ದೇವರೇ ಬಲ್ಲ. ಕರೆಯುವ ಬಾಯಿ ಮಾತ್ರ ನಮಗೆ ವಾಪಸ್ಸು ಬಂದಿದೆ.